ಎಂಟು ತಿಂಗಳು ಎಂಬ ಒಂದು ಸಂಖ್ಯೆ

1982ರ ಜುಲೈ ತಿಂಗಳಲ್ಲಿ, ಶಸ್ತ್ರಚಿಕಿತ್ಸೆ ಮುಗಿದು ಎಚ್ಚರಗೊಂಡ 40 ವರ್ಷದ ಪ್ರಾಧ್ಯಾಪಕರೊಬ್ಬರು ತಮ್ಮ ವೈದ್ಯೆಯನ್ನು ಕೇಳಿದ ಮೊದಲ ಪ್ರಶ್ನೆಯಿಂದ ನನ್ನ ಮಾತನ್ನು ಆರಂಭಿಸುತ್ತೇನೆ. ಈ ಕಾಯಿಲೆಯ ಬಗ್ಗೆ ಬಂದಿರುವ ಅತ್ಯುತ್ತಮ ವೈದ್ಯಕೀಯ ಬರಹ ಯಾವುದು, ನಾನು ಏನನ್ನು ಓದಬೇಕು ಎಂದು ಅವರು ಕೇಳಿದರು. ವೈದ್ಯೆ ಸ್ವಲ್ಪ ತಡವರಿಸಿ, ಓದಲು ಯೋಗ್ಯವಾದದ್ದು ಅಂಥದ್ದೇನೂ ಇಲ್ಲ ಎಂದು ಜಾಣತನದ ಉತ್ತರ ಕೊಟ್ಟರು. ಪುಸ್ತಕವನ್ನೇ ಉಸಿರಾಡುವ ಮನುಷ್ಯನಿಗೆ ಓದಬೇಡಿ ಎಂದರೆ ಏನಾಗುತ್ತದೆಂದು ನಿಮಗೆ ಗೊತ್ತು. ನಡೆದಾಡುವಷ್ಟು ಶಕ್ತಿ ಬಂದ ಕೂಡಲೇ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ಗ್ರಂಥಾಲಯಕ್ಕೆ ಹೋಗಿ, ಆ ಕಾಲದ ಕಂಪ್ಯೂಟರಿನಲ್ಲಿ ಕಾಯಿಲೆಯ ಹೆಸರನ್ನು ಕೊಟ್ಟು ಲೇಖನಗಳನ್ನು ಹುಡುಕಿಸಿದರು. ಒಂದು ಗಂಟೆಯ ನಂತರ ವೈದ್ಯೆ ಯಾಕೆ ಹಾಗೆ ಹೇಳಿದರೆಂಬುದು ಅರ್ಥವಾಯಿತು. ಎಲ್ಲ ಲೇಖನಗಳೂ ಹೇಳುತ್ತಿದ್ದುದು ಒಂದೇ ಮಾತು: ಈ ಕಾಯಿಲೆಗೆ ಮದ್ದಿಲ್ಲ, ಪತ್ತೆಯಾದ ಮೇಲೆ ರೋಗಿಗಳು ಬದುಕುವ ಅವಧಿಯ ಮಧ್ಯಾಂಕ ಎಂಟು ತಿಂಗಳು.

ಆ ಪ್ರಾಧ್ಯಾಪಕರ ಹೆಸರು ಸ್ಟೀಫನ್ ಜೇ ಗೂಲ್ಡ್. ವೃತ್ತಿಯಿಂದ ಪಳೆಯುಳಿಕೆ ವಿಜ್ಞಾನಿ, ಬಸವನಹುಳುಗಳ ವಿಕಾಸವನ್ನು ಅಧ್ಯಯನ ಮಾಡಿದವರು. 1972ರಲ್ಲಿ ನೈಲ್ಸ್ ಎಲ್ಡ್ರೆಡ್ಜ್ ಅವರೊಂದಿಗೆ ಸೇರಿ, ಜೀವಪ್ರಭೇದಗಳು ಬಹುಕಾಲ ಹೆಚ್ಚು ಬದಲಾಗದೆ ಉಳಿದು, ನಂತರ ಭೂವೈಜ್ಞಾನಿಕ ಲೆಕ್ಕದಲ್ಲಿ ಬಹಳ ಬೇಗನೆ ಬದಲಾಗುತ್ತವೆ ಎಂಬ ವಾದವನ್ನು ಮಂಡಿಸಿದವರು. ಆದರೆ ಜಗತ್ತಿನ ಬಹುಪಾಲು ಓದುಗರಿಗೆ ಅವರು ಪ್ರಬಂಧಕಾರರಾಗಿಯೇ ಪರಿಚಿತರು. 1974ರ ಜನವರಿಯಿಂದ ‘ನ್ಯಾಚುರಲ್ ಹಿಸ್ಟರಿ’ ಪತ್ರಿಕೆಗೆ ಅಂಕಣ ಬರೆಯುತ್ತಿದ್ದ ಅವರು, ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಹಲವು ಪುಸ್ತಕಗಳನ್ನು ಪ್ರಕಟಿಸಿದ್ದರು, ಪ್ರಶಸ್ತಿಗಳನ್ನು ಪಡೆದಿದ್ದರು. 1981ರ ಡಿಸೆಂಬರಿನಲ್ಲಷ್ಟೇ, ಶಾಲೆಗಳಲ್ಲಿ ವಿಕಾಸವಾದದ ಜೊತೆಗೆ ಸೃಷ್ಟಿವಾದವನ್ನೂ ಕಲಿಸಬೇಕೆಂಬ ಅರ್ಕಾನ್ಸಾ ರಾಜ್ಯದ ಕಾನೂನಿನ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದು ಬಂದಿದ್ದರು.

ಅವರಿಗೆ ಬಂದದ್ದು ಮೀಸೋಥೀಲಿಯೋಮಾ, ಹೊಟ್ಟೆಯ ಒಳಪೊರೆಯ ಕ್ಯಾನ್ಸರ್. ಇದು ಅಪರೂಪದ ಕಾಯಿಲೆ, ಸಾಮಾನ್ಯವಾಗಿ ಕಲ್ನಾರಿನ ಸೂಕ್ಷ್ಮ ಎಳೆಗಳು ದೇಹವನ್ನು ಸೇರುವುದರಿಂದ ಬರುತ್ತದೆ. ಕಲ್ನಾರು ಎಂದರೆ ಕೆಲವರಿಗೆ ತಿಳಿಯಲಿಕ್ಕಿಲ್ಲ. ಆಸ್‌ಬೆಸ್ಟಾಸ್ ಎಂದರೆ ತಿಳಿಯುತ್ತದೆ, ಸಿಮೆಂಟ್ ಶೀಟು ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಮ್ಮ ಕೊಟ್ಟಿಗೆಗಳ ಮೇಲೆ, ಬಾಡಿಗೆ ವಠಾರಗಳ ಮೇಲೆ ಹಾಸಿರುವ ಹಳೆಯ ಶೀಟುಗಳಲ್ಲಿರುವುದು ಅದೇ ನಾರು. ಅದರ ಬಗ್ಗೆ ಬೇರೆಯೇ ಒಂದು ಉಪನ್ಯಾಸ ಬೇಕು, ಇಂದು ಆ ಕಡೆ ಹೋಗುವುದಿಲ್ಲ.

ಗ್ರಂಥಾಲಯದ ಆ ಕುರ್ಚಿಗೆ ಮರಳೋಣ. ಗೂಲ್ಡ್ ಸುಮಾರು ಹದಿನೈದು ನಿಮಿಷ ದಂಗಾಗಿ ಕುಳಿತಿದ್ದರೆಂದು ಅವರೇ ಬರೆದಿದ್ದಾರೆ. ಓದಲು ಏನನ್ನೂ ಕೊಡದಿರಲು ಇದೇ ಕಾರಣವೋ ಎಂದುಕೊಂಡು ಅವರಿಗೆ ನಗು ಬಂತಂತೆ. ಆಮೇಲೆ ತಲೆ ಕೆಲಸ ಮಾಡಲು ಶುರುಮಾಡಿತು. ನಾನು ಇಂದು ಹೇಳಬೇಕೆಂದಿರುವುದೆಲ್ಲ ಆ ಹದಿನೈದು ನಿಮಿಷಗಳ ನಂತರ ಆ ತಲೆ ಮಾಡಿದ ಕೆಲಸದ ಬಗ್ಗೆ, ಮತ್ತು ಮುಂದಿನ ಇಪ್ಪತ್ತು ವರ್ಷ ಅದೇ ಕೆಲಸ ಬೇರೆ ಬೇರೆ ವೇಷಗಳಲ್ಲಿ ಅವರ ಬರವಣಿಗೆಯಲ್ಲಿ ಮುಂದುವರಿದ ಬಗ್ಗೆ.

ನಮ್ಮ ಮನೆಗಳಲ್ಲಿ ಇದು ನಡೆಯುವ ರೀತಿಯನ್ನು ನೆನಪಿಸಿಕೊಳ್ಳಿ. ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘ಆ ಕಾಯಿಲೆ’ ಎನ್ನುತ್ತೇವೆ, ದನಿ ತಗ್ಗಿಸುತ್ತೇವೆ. ರೋಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮಗನೋ ಅಳಿಯನೋ ಒಳಗೆ ಹೋಗಿ, ‘ಅವರಿಗೆ ಹೇಳಬೇಡಿ ಡಾಕ್ಟ್ರೇ, ನಮಗೆ ಹೇಳಿ, ಇನ್ನೆಷ್ಟು ದಿನ’ ಎಂದು ಕೇಳುತ್ತಾರೆ. ವೈದ್ಯರು ಒಂದು ಸಂಖ್ಯೆ ಹೇಳುತ್ತಾರೆ. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಆ ಕ್ಷಣದಿಂದ ಮನೆಯವರೆಲ್ಲ ಆ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿದ ತಾರೀಖಿನಂತೆ ಹೊತ್ತು ತಿರುಗುತ್ತಾರೆ. ಮದುವೆಗಳನ್ನು ಬೇಗನೆ ಮುಗಿಸುತ್ತಾರೆ, ಜಮೀನಿನ ಪತ್ರಗಳನ್ನು ಹುಡುಕುತ್ತಾರೆ. ಸಂಖ್ಯೆಯನ್ನು ಹೇಳಿದವರೂ ಕೇಳಿದವರೂ ಅದು ಯಾವ ಜಾತಿಯ ಸಂಖ್ಯೆ ಎಂದು ಯೋಚಿಸುವುದಿಲ್ಲ. ಗೂಲ್ಡ್ ಯೋಚಿಸಿದ್ದು ಅದನ್ನೇ.

ಮಧ್ಯಾಂಕ ಎಂದರೇನೆಂದು ನಿಮ್ಮಲ್ಲಿ ಹಲವರು ಹತ್ತನೇ ತರಗತಿಯಲ್ಲಿ ಓದಿ ಮರೆತಿರುತ್ತೀರಿ. ಹನ್ನೊಂದು ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಆರನೆಯ ಮಗುವಿನ ಎತ್ತರವೇ ಮಧ್ಯಾಂಕ. ಅದಕ್ಕಿಂತ ಕುಳ್ಳಗಿರುವವರು ಐವರು, ಎತ್ತರವಿರುವವರು ಐವರು. ಎಂಟು ತಿಂಗಳು ಮಧ್ಯಾಂಕ ಎಂದರೆ ಅರ್ಧದಷ್ಟು ರೋಗಿಗಳು ಎಂಟು ತಿಂಗಳೊಳಗೆ ತೀರಿಕೊಂಡಿದ್ದಾರೆ, ಉಳಿದ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದಾರೆ. ಎಷ್ಟು ಹೆಚ್ಚು ಕಾಲ ಎಂಬುದನ್ನು ಮಧ್ಯಾಂಕ ಹೇಳುವುದೇ ಇಲ್ಲ. ಹೆಚ್ಚಿನವರು ಎಂಟು ತಿಂಗಳು ಎಂಬುದನ್ನು ‘ನಾನು ಎಂಟು ತಿಂಗಳಲ್ಲಿ ಸಾಯುತ್ತೇನೆ’ ಎಂದು ಓದಿಕೊಳ್ಳುತ್ತಾರೆ. ಗೂಲ್ಡ್, ‘ಹಾಗಾದರೆ ಆ ಇನ್ನೊಂದು ಅರ್ಧ ಹೇಗಿದೆ’ ಎಂದು ಕೇಳಿಕೊಂಡರು.

ಆ ಇನ್ನೊಂದು ಅರ್ಧದ ಆಕಾರವನ್ನು ಒಂದು ಮದುವೆ ಮನೆಯ ಮೂಲಕ ವಿವರಿಸುತ್ತೇನೆ. ಮುಹೂರ್ತಕ್ಕೆ ಬಂದ ನೆಂಟರು ಎಷ್ಟು ಹೊತ್ತು ಇರುತ್ತಾರೆ? ಬರುವುದಕ್ಕಿಂತ ಮುಂಚೆಯೇ ಯಾರೂ ಹೊರಟುಹೋಗಲಾರರು. ಆದ್ದರಿಂದ ಎಡಗಡೆ ಸೊನ್ನೆಯ ಬಳಿ ಒಂದು ಗೋಡೆ ಇದೆ. ಅಕ್ಷತೆ ಹಾಕಿ, ಊಟ ಮಾಡಿ, ಎಲೆ ಅಡಿಕೆ ತೆಗೆದುಕೊಂಡು ಅರ್ಧದಷ್ಟು ಜನ ಎರಡು ಗಂಟೆಯೊಳಗೆ ಹೊರಟುಬಿಡುತ್ತಾರೆ. ಮಧ್ಯಾಂಕ ಎರಡು ಗಂಟೆ ಎಂದಾಯಿತು. ಉಳಿದ ಅರ್ಧದಲ್ಲಿ ಕೆಲವರು ಸಂಜೆಯ ಕಾಫಿಯವರೆಗೆ, ಕೆಲವರು ಬೀಗರ ಊಟದವರೆಗೆ, ಇನ್ನು ಕೆಲವರು ಸತ್ಯನಾರಾಯಣ ಪೂಜೆಯವರೆಗೆ ಇರುತ್ತಾರೆ. ಪ್ರತಿ ಮನೆಯಲ್ಲೂ ಒಬ್ಬ ಸೋದರತ್ತೆ ಇರುತ್ತಾರೆ, ಅವರು ಒಂದು ತಿಂಗಳಾದರೂ ಹೊರಡುವುದಿಲ್ಲ. ಎಡಕ್ಕೆ ಗೋಡೆ, ಬಲಕ್ಕೆ ಉದ್ದನೆಯ ಬಾಲ. ಇಂಥ ಹಂಚಿಕೆಗೆ ಬಲಕ್ಕೆ ವಾಲಿದ ಹಂಚಿಕೆ ಎನ್ನುತ್ತಾರೆ. ಬದುಕುಳಿಯುವ ಅವಧಿಯೂ ಹೀಗೆಯೇ: ಸೊನ್ನೆಗಿಂತ ಕಡಿಮೆಯಾಗಲು ಸಾಧ್ಯವಿಲ್ಲ, ಬಲಕ್ಕೆ ಎಷ್ಟು ದೂರವಾದರೂ ಚಾಚಬಹುದು. ಆ ಬಾಲದಲ್ಲಿ ಕೆಲವರು ಹಲವು ವರ್ಷ ಬದುಕಿದ್ದರು.

ಮುಂದಿನ ಪ್ರಶ್ನೆ, ಆ ಬಾಲದಲ್ಲಿ ಇರುವವರು ಯಾರು ಎಂಬುದು. ಗೂಲ್ಡ್ ತಮ್ಮ ಪರಿಸ್ಥಿತಿಯನ್ನು ಒಂದೊಂದಾಗಿ ಎಣಿಸಿದರು: ವಯಸ್ಸು ಚಿಕ್ಕದು, ಕಾಯಿಲೆ ಸ್ವಲ್ಪ ಮುಂಚೆಯೇ ಪತ್ತೆಯಾಗಿದೆ, ದೇಶದ ಅತ್ಯುತ್ತಮ ಚಿಕಿತ್ಸೆ ಕೈಗೆಟುಕುತ್ತದೆ, ಬದುಕಲು ಕಾರಣಗಳಿವೆ, ಅಂಕಿಗಳನ್ನು ಓದಲು ಬರುತ್ತದೆ. ಇನ್ನೊಂದು ಸೂಕ್ಷ್ಮವಾದ ಅಂಶವಿತ್ತು. ಎಂಟು ತಿಂಗಳೆಂಬ ಆ ಲೆಕ್ಕ ಹಳೆಯ ಚಿಕಿತ್ಸೆ ಪಡೆದವರದ್ದು. ಗೂಲ್ಡ್ ಅವರಿಗೆ ಕೊಡುತ್ತಿದ್ದುದು ಪ್ರಾಯೋಗಿಕವಾದ ಹೊಸ ಚಿಕಿತ್ಸೆ. ಸಂದರ್ಭ ಬದಲಾದರೆ ಹಂಚಿಕೆಯೇ ಬದಲಾಗುತ್ತದೆ. ಈ ಎಲ್ಲವನ್ನೂ ಅವರು ಮೂರು ವರ್ಷ ಕಳೆದ ಮೇಲೆ, 1985ರ ಜೂನ್ ತಿಂಗಳ ‘ಡಿಸ್ಕವರ್’ ಪತ್ರಿಕೆಯಲ್ಲಿ ‘ದಿ ಮೀಡಿಯನ್ ಈಸ್‌ನ್ಟ್ ದಿ ಮೆಸೇಜ್’ ಎಂಬ ಪುಟ್ಟ ಪ್ರಬಂಧವಾಗಿ ಬರೆದರು. ಕ್ಯಾನ್ಸರ್ ರೋಗಿಗಳು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಬಂದಿರುವ ಬರಹ ಅದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗೂಲ್ಡ್ ಬದುಕಿದ್ದರಿಂದ ಅವರ ವಾದ ಸರಿ ಎಂದು ಹೇಳುವವರು ಆ ವಾದವನ್ನು ಅರ್ಥಮಾಡಿಕೊಂಡಿಲ್ಲ. ಅವರು ಐದನೆಯ ತಿಂಗಳಲ್ಲೇ ತೀರಿಕೊಂಡಿದ್ದರೂ ವಾದ ಅಷ್ಟೇ ಸರಿಯಾಗಿರುತ್ತಿತ್ತು. ಯಾಕೆಂದರೆ ಎಡಗಡೆಯ ಅರ್ಧವೂ ಖಾಲಿಯಾಗಿಲ್ಲ, ಅಲ್ಲಿಯೂ ಜನರಿದ್ದಾರೆ, ಅವರಲ್ಲಿಯೂ ಲೆಕ್ಕ ಬಲ್ಲವರು, ಬದುಕಬೇಕೆಂಬ ಹಟವಿದ್ದವರು ಇದ್ದರು. ಪ್ರಬಂಧವನ್ನು ಧೈರ್ಯ ತುಂಬುವ ಬರಹವೆಂದು ಹಂಚುವಾಗ ಈ ಅಂಶ ಜಾರಿಹೋಗುತ್ತದೆ.

ಗೂಲ್ಡ್ ಅವರ ಬರಹದಲ್ಲಿಯೇ ನನಗೆ ಒಪ್ಪಿಗೆಯಾಗದ ಒಂದು ಭಾಗವಿದೆ. ಕ್ಯಾನ್ಸರಿನ ಎದುರು ಗೆಲ್ಲಲು ಏನು ಬೇಕು ಎಂದು ಅವರು ಪೀಟರ್ ಮೆಡವಾರ್ ಅವರನ್ನು ಕೇಳಿದ್ದರಂತೆ, ಉಲ್ಲಾಸದ ಸ್ವಭಾವ ಬೇಕು ಎಂಬ ಉತ್ತರ ಬಂತಂತೆ. ಮೆಡವಾರ್ 1960ರ ನೊಬೆಲ್ ಪುರಸ್ಕೃತರು. 1969ರಲ್ಲಿ ಪಾರ್ಶ್ವವಾಯು ಬಡಿದು, ದೇಹದ ಎಡಭಾಗ ಸ್ವಾಧೀನ ತಪ್ಪಿದ ಮೇಲೂ 1987ರಲ್ಲಿ ತೀರಿಕೊಳ್ಳುವವರೆಗೆ ಬಹಳ ಚಂದದ ವಿಜ್ಞಾನ ಬರಹಗಳನ್ನು ಬರೆದವರು. ಆದ್ದರಿಂದ ಆ ಮಾತು ಹಗುರವಾಗಿ ಆಡಿದ್ದಲ್ಲ. ಮನೋಭಾವಕ್ಕೂ ಆಯುಷ್ಯಕ್ಕೂ ಸಂಬಂಧವಿದೆ ಎಂದು ಗೂಲ್ಡ್ ನಂಬಿದ್ದರು. ನಂತರ ನಡೆದ ದೊಡ್ಡ ಅಧ್ಯಯನಗಳು ಈ ನಂಬಿಕೆಗೆ ಗಟ್ಟಿಯಾದ ಆಧಾರ ಒದಗಿಸಿಲ್ಲ. ಈ ನಂಬಿಕೆಗೆ ಇನ್ನೊಂದು ಮುಖವೂ ಇದೆ: ಉಲ್ಲಾಸದಿಂದ ಇದ್ದವನು ಬದುಕುತ್ತಾನೆಂದರೆ, ಸತ್ತವನು ಉಲ್ಲಾಸದಿಂದ ಇರಲಿಲ್ಲವೆಂದು ಹೇಳಿದಂತಾಗುತ್ತದೆ. 2000ದಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದ ಅಮೆರಿಕದ ಲೇಖಕಿ ಬಾರ್ಬರಾ ಎರೆನ್‌ರೈಕ್ ಸಿಡಿದೆದ್ದದ್ದು ಇದರ ವಿರುದ್ಧವೇ. ಜೀವಕೋಶಗಳ ವಿಷಯದಲ್ಲಿ ಡಾಕ್ಟರೇಟ್ ಪಡೆದಿದ್ದ ಆಕೆಗೆ, ನಗುನಗುತ್ತಾ ಇದ್ದರೆ ರೋಗನಿರೋಧಕ ಶಕ್ತಿ ಹೆಚ್ಚಿ ಗೆಡ್ಡೆ ಕರಗುತ್ತದೆ ಎಂಬ ಮಾತು ಅವಿದ್ಯೆಯಾಗಿ ಕಂಡಿತು. ಸ್ತನ ಕ್ಯಾನ್ಸರ್ ಜಾಗೃತಿಯ ಗುಲಾಬಿ ರಿಬ್ಬನ್ನುಗಳ ಮತ್ತು ಬಲವಂತದ ನಗುವಿನ ಆ ಲೋಕವನ್ನು 2001ರಲ್ಲಿ ಒಂದು ದೀರ್ಘ ಲೇಖನದಲ್ಲಿ, 2009ರಲ್ಲಿ ಒಂದು ಪುಸ್ತಕದಲ್ಲಿ ಕಟುವಾಗಿ ವಿಮರ್ಶಿಸಿದರು. ಸಿಟ್ಟು ಮಾಡಿಕೊಂಡೇ ಆಕೆ 2022ರವರೆಗೆ ಬದುಕಿದ್ದರು ಎಂಬುದನ್ನೂ ಹೇಳಬೇಕು, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದನ್ನೂ.

ಕಾಯಿಲೆ ಬಿದ್ದು ಎದ್ದ ಬರಹಗಾರರು ಅದನ್ನು ಬರವಣಿಗೆಯಲ್ಲಿ ಏನು ಮಾಡುತ್ತಾರೆಂಬುದು ಕುತೂಹಲದ ವಿಷಯ. ಅಮೆರಿಕದ ಲೇಖಕಿ ಸೂಸಾನ್ ಸೊಂಟಾಗ್ ಅವರಿಗೆ 1975ರಲ್ಲಿ ಕ್ಯಾನ್ಸರ್ ಆಯಿತು. 1978ರಲ್ಲಿ ಕಾಯಿಲೆ ಮತ್ತು ರೂಪಕಗಳ ಬಗ್ಗೆ ಅವರು ಬರೆದ ಹೆಸರಾಂತ ಪುಸ್ತಕದಲ್ಲಿ ತಮಗೆ ಕಾಯಿಲೆ ಬಂದಿತ್ತೆಂಬ ಒಂದೇ ಒಂದು ಸಾಲೂ ಇಲ್ಲ. ಕ್ಯಾನ್ಸರನ್ನು ಯುದ್ಧವೆಂದು ಕರೆಯುವುದನ್ನು ಅವರು ವಿರೋಧಿಸಿದರು. ಗೂಲ್ಡ್ ಇದಕ್ಕೆ ತದ್ವಿರುದ್ಧ. ಸಾವು ಶತ್ರುವೇ, ಅದರ ಎದುರು ಕತ್ತಿ ಹಿಡಿಯುವುದರಲ್ಲಿ ತಪ್ಪಿಲ್ಲ ಎಂಬ ನಿಲುವು ಅವರದು. ನಮಗೆ ಹೆಚ್ಚು ಹತ್ತಿರದ ಒಬ್ಬರನ್ನು ಇಲ್ಲಿ ನೆನೆಯಬೇಕು. ವಿಕಾಸ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು, ಮೊದಲು ಕಲ್ಕತ್ತೆಯಲ್ಲಿ, ನಂತರ ಭುವನೇಶ್ವರದಲ್ಲಿ ಕೆಲಸ ಮಾಡಿದವರು. ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಾಗ ಅವರು 1964ರಲ್ಲಿ ಅದರ ಮೇಲೊಂದು ತಮಾಷೆಯ ಪ್ರಾಸಬದ್ಧ ಪದ್ಯ ಬರೆದು ಪ್ರಕಟಿಸಿದರು. ಸಂಕೋಚ ಬಿಟ್ಟು ಬೇಗನೆ ವೈದ್ಯರ ಬಳಿಗೆ ಹೋಗಿ ಎಂಬುದು ಅದರ ತಿರುಳು. ಅದೇ ವರ್ಷದ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡರು. ಅವರು ಬಾಲದಲ್ಲಿ ಇರಲಿಲ್ಲ. ಪದ್ಯ ಹೇಳುವ ಮಾತು ಇಂದಿಗೂ ಕೆಲಸಕ್ಕೆ ಬರುತ್ತದೆ.

ಗೂಲ್ಡ್ ಅವರ ಕಡೆಗೆ ಬರುತ್ತೇನೆ. ಶಸ್ತ್ರಚಿಕಿತ್ಸೆ, ವಿಕಿರಣ, ಕೀಮೋಥೆರಪಿ, ಎಲ್ಲವೂ ಆಯಿತು. ಕೀಮೋಥೆರಪಿಯ ವಾಕರಿಕೆಗೆ ಯಾವ ಮಾತ್ರೆಯೂ ನಾಟದಿದ್ದಾಗ ಅವರು ಗಾಂಜಾ ಸೇದಿದರು. ಬುದ್ಧಿಯನ್ನು ಮಂಕಾಗಿಸುವ ಯಾವ ಪದಾರ್ಥವೂ ಅವರಿಗೆ ಇಷ್ಟವಿರಲಿಲ್ಲ, ಬಹಳ ಹಿಂಜರಿಕೆಯಿಂದಲೇ ಸೇದಿದರು. ವಾಕರಿಕೆ ನಿಂತಿತು, ಮುಂದಿನ ಚಿಕಿತ್ಸೆಯ ದಿನವನ್ನು ನೆನೆದು ನಡುಗುವುದು ನಿಂತಿತು. ಇದನ್ನೂ ಅವರು ಮುಚ್ಚಿಡಲಿಲ್ಲ, 1993ರಲ್ಲಿ ಬಂದ ವೈದ್ಯಕೀಯ ಪುಸ್ತಕವೊಂದಕ್ಕೆ ಬರೆದುಕೊಟ್ಟರು. ಈ ಎಲ್ಲದರ ನಡುವೆ ಅಂಕಣ ನಿಲ್ಲಲಿಲ್ಲ. 1974ರ ಜನವರಿಯಿಂದ 2001ರ ಜನವರಿಯವರೆಗೆ 300 ಪ್ರಬಂಧಗಳು, ಒಂದು ಸಂಚಿಕೆಯೂ ತಪ್ಪಲಿಲ್ಲ. ನಿಮ್ಮಲ್ಲಿ ಪತ್ರಿಕೆಗೆ ಅಂಕಣ ಬರೆಯುವವರಿದ್ದರೆ, ನೆಗಡಿಯಾದಾಗ ಸಂಪಾದಕರಿಗೆ ಕಳಿಸಿದ ಸಂದೇಶಗಳು ನೆನಪಾಗಬಹುದು, ನನಗಂತೂ ಆಯಿತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಈ ಶಿಸ್ತು ಅಲ್ಲ. ಕಾಯಿಲೆ ಬರುವ ಹಿಂದಿನ ವರ್ಷ, 1981ರಲ್ಲಿ, ಗೂಲ್ಡ್ ಅವರ ‘ದಿ ಮಿಸ್‌ಮೆಷರ್ ಆಫ್ ಮ್ಯಾನ್’ ಪ್ರಕಟವಾಗಿತ್ತು. ಮನುಷ್ಯರ ಬುದ್ಧಿಯನ್ನು ತಲೆಬುರುಡೆಯ ಅಳತೆಯಿಂದಲೋ ಬುದ್ಧಿಸೂಚ್ಯಂಕದಿಂದಲೋ ಒಂದೇ ಸಂಖ್ಯೆಗೆ ಇಳಿಸಿ, ಆ ಸಂಖ್ಯೆಯ ಪ್ರಕಾರ ಜನರನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸುವ ಚಾಳಿಯ ವಿರುದ್ಧದ ಪುಸ್ತಕ ಅದು. ಅದರಲ್ಲಿನ ತಲೆಬುರುಡೆಗಳ ಭಾಗದ ಬಗ್ಗೆ ತಕರಾರುಗಳಿವೆ; 2011ರಲ್ಲಿ ಕೆಲವು ಮಾನವಶಾಸ್ತ್ರಜ್ಞರು ಅವೇ ಬುರುಡೆಗಳನ್ನು ಮತ್ತೆ ಅಳೆದು ಗೂಲ್ಡ್ ಅವರೇ ಎಡವಿದ್ದಾರೆ ಎಂದರು, ಮತ್ತೆ ಕೆಲವರು ಅದನ್ನು ಅಲ್ಲಗಳೆದರು. ಅದೇನೇ ಇರಲಿ, ಒಂದು ಸಂಖ್ಯೆಯನ್ನು ವಸ್ತುವೆಂದು ತಪ್ಪು ತಿಳಿಯಬಾರದು ಎಂದು ಇಡೀ ಪುಸ್ತಕ ಬರೆದ ಮನುಷ್ಯನ ಮುಂದೆ, ಮರುವರ್ಷವೇ ಒಂದು ಸಂಖ್ಯೆ ಬಂದು ಕುಳಿತಿತು. ಇತರರ ಬಗ್ಗೆ ಬರೆದದ್ದನ್ನು ಸ್ವಂತ ಹೊಟ್ಟೆಯ ಮೇಲೆ ಪರೀಕ್ಷಿಸಿ ನೋಡುವ ಅವಕಾಶ ನಮ್ಮಂಥ ಬರಹಗಾರರಿಗೆ ಸಾಮಾನ್ಯವಾಗಿ ಒದಗುವುದಿಲ್ಲ, ಒದಗದಿರುವುದೇ ಒಳ್ಳೆಯದು.

ಆ ಪರೀಕ್ಷೆಯಿಂದ ಹೊರಬಂದ ಉಪಕರಣವನ್ನು ಅವರು 1996ರಲ್ಲಿ ‘ಫುಲ್ ಹೌಸ್’ ಎಂಬ ಪುಸ್ತಕದಲ್ಲಿ ಮತ್ತೆ ತಮ್ಮ ವಿಜ್ಞಾನಕ್ಕೆ ಒಯ್ದರು. ಅಲ್ಲಿ ತಮ್ಮ ಕಾಯಿಲೆಯ ಕತೆಯನ್ನು ಮೊದಲ ಉದಾಹರಣೆಯಾಗಿ ಇಟ್ಟು, ಅಲ್ಲಿಂದ ಬೇಸ್‌ಬಾಲಿಗೆ ಹೋಗುತ್ತಾರೆ. 1941ರಲ್ಲಿ ಟೆಡ್ ವಿಲಿಯಮ್ಸ್ ಎಂಬ ಆಟಗಾರ 0.406ರ ಬ್ಯಾಟಿಂಗ್ ಸರಾಸರಿ (ಬ್ಯಾಟ್ ಹಿಡಿದ ಸಲಗಳಲ್ಲಿ ಎಷ್ಟು ಪಾಲು ಹೊಡೆತ ಫಲಿಸಿತೆಂಬ ಲೆಕ್ಕ) ಗಳಿಸಿದ ಮೇಲೆ ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳಲ್ಲಿ ಯಾರೂ ಒಂದು ಇಡೀ ಋತುವಿನಲ್ಲಿ 0.400 ಮುಟ್ಟಿಲ್ಲ. ಈಗಿನವರ ಆಟ ಕೆಟ್ಟಿದೆ ಎಂದು ಹಳಬರು ಹೇಳುತ್ತಿದ್ದರು. ಗೂಲ್ಡ್ ತೋರಿಸಿದ್ದು ಬೇರೆಯೇ: ಒಟ್ಟಾರೆ ಸರಾಸರಿ 0.260ರ ಆಸುಪಾಸಿನಲ್ಲೇ ಉಳಿದಿದೆ, ಎಲ್ಲರ ಆಟವೂ ಸುಧಾರಿಸಿ ಆಟಗಾರರ ನಡುವಿನ ಅಂತರ ಕುಗ್ಗಿದೆ, ಅಂತರ ಕುಗ್ಗಿದಾಗ ಎರಡೂ ತುದಿಗಳು ಕಾಣೆಯಾಗುತ್ತವೆ. ಬೇಸ್‌ಬಾಲ್ ಅರ್ಥವಾಗದ ನಾವು ಬ್ರಾಡ್ಮನ್ ಅವರ 99.94ನ್ನು ಇಟ್ಟುಕೊಂಡು ಇದೇ ಜಗಳ ಆಡಬಹುದು. ನಮ್ಮೂರಿನ ಕಟ್ಟೆಗಳ ಮೇಲೆ ಆಡಿದ್ದೇವೆ ಕೂಡ, ಅಂತರದ ಲೆಕ್ಕ ಮಾತ್ರ ಯಾರೂ ತೆಗೆಯಲಿಲ್ಲ.

ಬೇಸ್‌ಬಾಲಿನಿಂದ ಅವರು ಜೀವವಿಕಾಸಕ್ಕೆ ಬರುತ್ತಾರೆ, ಮತ್ತು ಇಲ್ಲಿ ಆ ಎಡಗಡೆಯ ಗೋಡೆ ಮತ್ತೆ ಕಾಣಿಸಿಕೊಳ್ಳುತ್ತದೆ. ಜೀವ ಆರಂಭವಾದದ್ದು ಸಾಧ್ಯವಿರುವ ಅತ್ಯಂತ ಸರಳ ರೂಪದಲ್ಲಿ. ಅದಕ್ಕಿಂತ ಸರಳವಾಗಲು ಎಡಕ್ಕೆ ಜಾಗವಿರಲಿಲ್ಲ. ಆದ್ದರಿಂದ ವೈವಿಧ್ಯ ಹೆಚ್ಚಿದಂತೆ ಹಂಚಿಕೆ ಬಲಕ್ಕೆ ಚಾಚಿತು, ಆ ಬಾಲದ ತುದಿಯಲ್ಲಿ ನಾವು ನಿಂತಿದ್ದೇವೆ. ತುದಿಯಲ್ಲಿ ನಿಂತವರು ಇಡೀ ಮೆರವಣಿಗೆ ತಮ್ಮ ಕಡೆಗೇ ಬರುತ್ತಿತ್ತೆಂದು ಭಾವಿಸಿ ಅದಕ್ಕೆ ಪ್ರಗತಿ ಎಂದು ಹೆಸರಿಟ್ಟರು. ಮೆರವಣಿಗೆಯ ದಟ್ಟಣೆ ಮಾತ್ರ ಅಂದಿನಿಂದ ಇಂದಿನವರೆಗೂ ಎಡಗೋಡೆಯ ಪಕ್ಕದಲ್ಲೇ, ಬ್ಯಾಕ್ಟೀರಿಯಾಗಳ ಬಳಿಯೇ ಇದೆ. ಒಬ್ಬ ರೋಗಿಯ ಆಯುಷ್ಯದ ರೇಖಾಚಿತ್ರವೂ ಮುನ್ನೂರೈವತ್ತು ಕೋಟಿ ವರ್ಷಗಳ ಜೀವಚರಿತ್ರೆಯ ರೇಖಾಚಿತ್ರವೂ ಒಂದೇ ಆಕಾರದವು. ಗ್ರಂಥಾಲಯದಲ್ಲಿ ಬದುಕಿನ ಆಸೆ ಕೊಟ್ಟ ಅದೇ ಚಿತ್ರ ಇಲ್ಲಿ ಮನುಷ್ಯನ ಜಂಬವನ್ನು ಇಳಿಸುತ್ತದೆ. ಕಾಯಿಲೆ ಅವರಿಗೆ ಹೊಸ ವಿಷಯವನ್ನೇನೂ ಕೊಡಲಿಲ್ಲ; ಕೈಯಲ್ಲಿದ್ದ ಒಂದು ಸಾಧನ ಅವರ ಭಾರವನ್ನೂ ಹೊರಬಲ್ಲದೆಂದು ತೋರಿಸಿತು.

ಅವರ ಜೀವಮಾನದ ದೊಡ್ಡ ಗ್ರಂಥ ‘ದಿ ಸ್ಟ್ರಕ್ಚರ್ ಆಫ್ ಎವಲ್ಯೂಷನರಿ ಥಿಯರಿ’ ಸುಮಾರು ಎರಡು ದಶಕಗಳ ದುಡಿಮೆ, 1,433 ಪುಟಗಳು. ಅದು ಉದ್ದವಾಯಿತು, ಒಬ್ಬ ಕಟುವಾದ ಸಂಪಾದಕ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ನನಗೂ ಅನ್ನಿಸಿದೆ. ಆದರೆ ಎಂಟು ತಿಂಗಳೆಂದು ಓದಿಬಂದವನು ಇಪ್ಪತ್ತು ವರ್ಷದ ಪುಸ್ತಕವನ್ನು ಬರೆಯುತ್ತಾ ಹೋದ ಎಂಬುದರಲ್ಲಿ ಒಂದು ಬಗೆಯ ಮೊಂಡುತನವಿದೆ, ಅದಕ್ಕೆ ಮಣಿಯದೆ ಇರಲಾರೆ. ಪುಸ್ತಕ 2002ರ ಮಾರ್ಚ್ ತಿಂಗಳಲ್ಲಿ ಹೊರಬಂತು. ಅದೇ ವರ್ಷದ ಮೇ 20ರಂದು, ನ್ಯೂಯಾರ್ಕಿನ ತಮ್ಮ ಮನೆಯಲ್ಲಿ, ಪುಸ್ತಕಗಳ ನಡುವೆ ಹಾಕಿದ ಹಾಸಿಗೆಯ ಮೇಲೆ ಗೂಲ್ಡ್ ತೀರಿಕೊಂಡರು. ಈ ಬಾರಿ ಬಂದದ್ದು ಬೇರೆಯೇ ಕ್ಯಾನ್ಸರ್, ಶ್ವಾಸಕೋಶದ್ದು. 1982ರ ಕಾಯಿಲೆಗೂ ಅದಕ್ಕೂ ಸಂಬಂಧವಿರಲಿಲ್ಲ. ಅವರಿಗೆ 60 ವರ್ಷ. ತಿಂಗಳುಗಳಲ್ಲಿ ಎಣಿಸಿದರೆ, ಎಂಟರ ಜಾಗದಲ್ಲಿ 238.

ಅಂಕಣದ ಕೊನೆಯ ಪ್ರಬಂಧದ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. 2001ರ ಜನವರಿಯ ಆ ಬರಹದಲ್ಲಿ ಗೂಲ್ಡ್ ತಮ್ಮ ತಾಯಿಯ ತಂದೆಯನ್ನು ನೆನೆದಿದ್ದಾರೆ. ಹಂಗೆರಿಯಿಂದ ವಲಸೆ ಬಂದ ಆ ಹುಡುಗ ಐದು ಸೆಂಟು ಕೊಟ್ಟು ಒಂದು ಹಳೆಯ ಇಂಗ್ಲಿಷ್ ವ್ಯಾಕರಣ ಪುಸ್ತಕ ಕೊಂಡು, ಅದರ ಮೊದಲ ಪುಟದಲ್ಲಿ ‘ನಾನು ಬಂದಿಳಿದಿದ್ದೇನೆ, ಸೆಪ್ಟೆಂಬರ್ 11, 1901’ ಎಂಬ ಅರ್ಥದ ಸಾಲನ್ನು ಬರೆದಿಟ್ಟಿದ್ದ. ಸರಿಯಾಗಿ ನೂರು ವರ್ಷಕ್ಕೆ, ಅದೇ ದಿನ, ಅಜ್ಜ ಇಳಿದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪಕ್ಕೆ ಹೋಗಬೇಕೆಂದು ಮೊಮ್ಮಗ ಯೋಜಿಸಿದ್ದರು. 2001ರ ಸೆಪ್ಟೆಂಬರ್ 11ರಂದು ಮಿಲಾನಿನಿಂದ ನ್ಯೂಯಾರ್ಕಿಗೆ ಹೊರಟಿದ್ದ ಅವರ ವಿಮಾನವನ್ನು ದಾರಿ ಬದಲಿಸಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಇಳಿಸಲಾಯಿತು. ಹಿಂದಿನ ದಿನವಷ್ಟೇ ಅವರಿಗೆ 60 ತುಂಬಿತ್ತು.